ಕೆಮ್ಮಣ್ಣು ತೂಗುಸೇತುವೆ: ಜೋಡಿಗಳ ನೆಚ್ಚಿನ ತಾಣ

ಉಡುಪಿ ಹತ್ತಿರದ ಕೆಮ್ಮಣ್ಣು ತೂಗುಸೇತುವೆ ಇರುವುದು ಸುವರ್ಣಾ ನದಿಯ ಮೇಲೆ. ತಿಮ್ಮಣ್ಣಕುದ್ರು ಎಂಬ ನಡುಗಡ್ಡೆಯ ಜನರ ಓಡಾಟಕ್ಕೆ ಕಟ್ಟಿದ ಈ ಕಿರುಸೇತುವೆ ಈಗ ಪ್ರಿ-ವೆಡ್ಡಿಂಗ್ ಫೋಟೋಶೂಟ್‌ಗೆ ಹೆಸರುವಾಸಿ.

ತೂಗುಸೇತುವೆಯಲ್ಲಿ ಗೋಪುರಗಳ ಮೇಲಿಂದ ಹಾಯ್ದ ಉಕ್ಕಿನ ಹಗ್ಗಗಳೇ ನಡೆಯುವ ಹಾದಿಯ ಭಾರ ಹೊರುತ್ತವೆ. ಹಗ್ಗಗಳ ತುದಿಯನ್ನು ದಡದಲ್ಲಿ ನೆಲಕ್ಕೆ ಬಿಗಿದಿರುತ್ತಾರೆ. ಹಾದಿ ಹಗುರ, ಹಾಗಾಗಿ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಕಾಲಡಿ ಸಣ್ಣಗೆ ಅಲುಗುತ್ತದೆ.

ಜೋಡಿಗಳನ್ನು ಸೆಳೆಯುವುದು ಇಲ್ಲಿನ ನೋಟ. ಇಕ್ಕಟ್ಟಾದ ಉದ್ದನೆಯ ಹಾದಿ, ಎರಡೂ ಬದಿಯಲ್ಲಿ ಬಾಗಿ ಇಳಿಯುವ ಹಗ್ಗ, ಕೆಳಗೆ ನೀರು, ದಡದಲ್ಲಿ ತೆಂಗು. ಕ್ಯಾಮೆರಾದ ಚೌಕಟ್ಟಿನಲ್ಲಿ ಎಲ್ಲ ಗೆರೆಗಳೂ ನಡುವೆ ನಿಂತ ಇಬ್ಬರ ಕಡೆಗೇ ಕಣ್ಣನ್ನು ಒಯ್ಯುತ್ತವೆ.

ಆದರೆ ಜೋಡಿಗಳ ಮೆಚ್ಚುಗೆ ಸೇತುವೆಗೇ ಭಾರವಾಗುವುದೂ ಉಂಟು. ಪ್ಯಾರಿಸ್‌ನ ಪಾಂ ದೆ ಆರ್ ಕಾಲುಸೇತುವೆಯಲ್ಲಿ ಜೋಡಿಗಳು ಹೆಸರು ಬರೆದ ಬೀಗ ಜಡಿದು, ಕೀಲಿಕೈಯನ್ನು ಸೆನ್ ನದಿಗೆ ಎಸೆಯುತ್ತಿದ್ದರು. ಆ ಭಾರಕ್ಕೆ 2014ರಲ್ಲಿ ಕಟಾಂಜನದ ಒಂದು ಭಾಗ ಕುಸಿಯಿತು. 2015ರಲ್ಲಿ ನಗರಾಡಳಿತ ಸುಮಾರು 45 ಟನ್ ಬೀಗಗಳನ್ನು ತೆಗೆಸಲು ಮುಂದಾಯಿತು.

ಹಗುರವಾದ ತೂಗುಸೇತುವೆಗೆ ಮಿತಿಮೀರಿದ ಭಾರ ಇನ್ನೂ ಅಪಾಯಕಾರಿ. ಗುಂಪುಗೂಡದೆ, ಕುಣಿದು ಅಲುಗಾಡಿಸದೆ, ಊರವರಿಗೆ ದಾರಿ ಬಿಟ್ಟು ಚಿತ್ರ ತೆಗೆಯುವುದೇ ಕೆಮ್ಮಣ್ಣಿನಲ್ಲಿ ಸರಿಯಾದ ಕ್ರಮ.