ಚುಕ್ಕಿ ತಪ್ಪಿದರೆ ಲೆಕ್ಕ ತಪ್ಪೀತು

ಟೆಕ್ಸಾಸಿನ ರಾಜಧಾನಿ ಆಸ್ಟಿನ್‌ಗೆ ಉತ್ತರದಲ್ಲಿರುವ ನಮ್ಮ ಸೀಡರ್ ಪಾರ್ಕ್‌ನಲ್ಲಿ ಬೇಸಿಗೆ ಬಂತೆಂದರೆ ಕನ್ನಡದ ಮಾತು ಹೆಚ್ಚಾಗಿ ಕಿವಿಗೆ ಬೀಳತೊಡಗುತ್ತದೆ. ಮಕ್ಕಳು, ಮೊಮ್ಮಕ್ಕಳನ್ನು ನೋಡಲು ಊರಿನಿಂದ ಹಿರಿಯರು ಬಂದಿರುತ್ತಾರೆ. ಅವರಲ್ಲಿ ಅನೇಕರು ಬಂದ ಮೊದಲ ವಾರದಲ್ಲೇ ಕೇಳುವ ಪ್ರಶ್ನೆಯೊಂದಿದೆ: ಪೆಟ್ರೋಲ್ ಬಂಕಿನ ಫಲಕದಲ್ಲಿ ಬೆಲೆಯ ಕೊನೆಗೆ ಪುಟ್ಟದೊಂದು ಒಂಬತ್ತು ಏಕಿದೆ?

ಫಲಕದಲ್ಲಿ 2.79 ಎಂದು ಬರೆದು, ಪಕ್ಕದಲ್ಲಿ ಚಿಕ್ಕದಾಗಿ 9 ಎಂದಿದ್ದರೆ ಗ್ಯಾಲನ್ನಿನ ಬೆಲೆ ಎರಡು ಡಾಲರ್ 79.9 ಸೆಂಟ್ ಎಂದರ್ಥ. ಸೆಂಟಿನ ಹತ್ತನೆಯ ಒಂದು ಭಾಗಕ್ಕೆ ಇಲ್ಲಿ ನಾಣ್ಯವಿಲ್ಲ. ಹೆಸರು ಮಾತ್ರ ಇದೆ. 1792ರ ನಾಣ್ಯ ಕಾಯ್ದೆಯೇ ಡಾಲರನ್ನು ಹತ್ತು, ನೂರು ಮತ್ತು ಸಾವಿರ ಭಾಗಗಳಾಗಿ ಒಡೆದು, ಸಾವಿರದ ಒಂದು ಭಾಗವನ್ನು ‘ಮಿಲ್’ ಎಂದು ಕರೆಯಿತು. ಭಾರತವು ಈ ಹಾದಿ ಹಿಡಿದದ್ದು 1957ರ ಏಪ್ರಿಲ್ 1ರಂದು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರು ಆಣೆ. ಅಂದಿನಿಂದ ನೂರು ನಯಾ ಪೈಸೆ. 1964ರಲ್ಲಿ ‘ನಯಾ’ ಎಂಬ ವಿಶೇಷಣವೂ ಕಳಚಿಬಿತ್ತು.

ಎರಡೂ ದೇಶಗಳಲ್ಲಿ ಲೆಕ್ಕ ನೂರರದೇ ಆಗಿದ್ದರೂ ಗೊಂದಲ ತಪ್ಪಿಲ್ಲ. ಇಲ್ಲಿನ ಅಂಗಡಿಗಳಲ್ಲಿ, ರಸ್ತೆಬದಿಯ ಹಣ್ಣಿನ ಮಳಿಗೆಗಳಲ್ಲಿ ಆಗಾಗ್ಗೆ ‘.99’ ಎಂದು ಬರೆದು ಮುಂದೆ ಸೆಂಟಿನ ಚಿಹ್ನೆ ಹಾಕಿರುವುದುಂಟು. ಅಕ್ಷರಶಃ ಓದಿದರೆ ಆ ವಸ್ತುವಿನ ಬೆಲೆ ಒಂದು ಸೆಂಟಿಗಿಂತಲೂ ಕಡಿಮೆ! ಬರೆದವರ ಮನಸ್ಸಿನಲ್ಲಿದ್ದುದು 99 ಸೆಂಟ್. ಡಾಲರ್ ಚಿಹ್ನೆ ಹಾಕಿದರೆ 0.99, ಸೆಂಟಿನ ಚಿಹ್ನೆ ಹಾಕಿದರೆ 99. ಎರಡನ್ನೂ ಬೆರೆಸಿದರೆ ಬೆಲೆ ನೂರು ಪಟ್ಟು ವ್ಯತ್ಯಾಸವಾಗುತ್ತದೆ.

ಇದು ಬರಿಯ ನಗೆಯ ವಿಷಯವಲ್ಲ. 2006ರಲ್ಲಿ ವೆರೈಝನ್ ದೂರವಾಣಿ ಸಂಸ್ಥೆಯ ಗ್ರಾಹಕರೊಬ್ಬರಿಗೆ, ಕೆನಡಾದಲ್ಲಿ ಅಂತರ್ಜಾಲ ಬಳಸಿದರೆ ಒಂದು ಕಿಲೋಬೈಟಿಗೆ 0.002 ಸೆಂಟ್ ದರವೆಂದು ಹೇಳಲಾಗಿತ್ತು. ಅವರು ಬಳಸಿದ್ದು ಸುಮಾರು 36 ಸಾವಿರ ಕಿಲೋಬೈಟ್. ಹೇಳಿದ ದರದಲ್ಲಿ ಅದು 72 ಸೆಂಟೂ ಆಗದು. ಬಂದ ಬಿಲ್ಲು 71 ಡಾಲರಿಗೂ ಮಿಗಿಲು. ಸಂಸ್ಥೆ ಲೆಕ್ಕ ಹಾಕಿದ್ದು 0.002 ಡಾಲರಿನಂತೆ. ಇವೆರಡೂ ಬೇರೆ ಬೇರೆ ಎಂಬುದನ್ನು ಸಿಬ್ಬಂದಿಗೆ ಮನವರಿಕೆ ಮಾಡಿಕೊಡಲು ಅವರು ಹೆಣಗಿದ ಕರೆಯ ಧ್ವನಿಮುದ್ರಣ ಅಂದು ಜಗತ್ತಿನಾದ್ಯಂತ ಹರಡಿತು.

ಟೆಕ್ಸಾಸಿಗೆ ಬರಲಿರುವವರು ಮೊದಲು ಎದುರಿಸುವ ಇಂಥ ಲೆಕ್ಕ ವಿದ್ಯುತ್ತಿನದು. ಸೀಡರ್ ಪಾರ್ಕ್‌ನ ಬಹುಪಾಲು ಮನೆಗಳಿಗೆ ಪೆಡರ್ನೇಲ್ಸ್ ವಿದ್ಯುತ್ ಸಹಕಾರ ಸಂಘವೇ ಸರಬರಾಜು ಮಾಡುತ್ತದೆ. ಡಲ್ಲಾಸ್, ಹ್ಯೂಸ್ಟನ್‌ಗಳಲ್ಲಾದರೋ ಹತ್ತಾರು ಮಾರಾಟಗಾರರಲ್ಲಿ ಒಬ್ಬರನ್ನು ನಾವೇ ಆರಿಸಿಕೊಳ್ಳಬೇಕು. ಚಿಲ್ಲರೆ ದರ ಯೂನಿಟ್ಟಿಗೆ ಇಷ್ಟು ಸೆಂಟ್ ಎಂದಿರುತ್ತದೆ. ಸಗಟು ದರ ಸಾವಿರ ಯೂನಿಟ್ಟಿಗೆ ಇಷ್ಟು ಡಾಲರ್ ಎಂದಿರುತ್ತದೆ. 2021ರ ಫೆಬ್ರವರಿಯ ಹಿಮಬಿರುಗಾಳಿಯಲ್ಲಿ ಸಗಟು ದರ ಸಾವಿರ ಯೂನಿಟ್ಟಿಗೆ 9,000 ಡಾಲರ್ ತಲುಪಿತು. ಅಂದರೆ ಒಂದು ಯೂನಿಟ್ಟಿಗೆ ಒಂಬತ್ತು ಡಾಲರ್, 900 ಸೆಂಟ್! ಸಗಟು ದರಕ್ಕೆ ಜೋಡಿಸಿದ ಯೋಜನೆ ಆರಿಸಿಕೊಂಡಿದ್ದ ಕುಟುಂಬಗಳಿಗೆ ಸಾವಿರಾರು ಡಾಲರುಗಳ ಬಿಲ್ಲು ಬಂದಿತು. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅಂಕಿಯನ್ನಷ್ಟೇ ಅಲ್ಲ, ಅದರ ಪಕ್ಕದ ಮಾನವನ್ನೂ ಓದಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ವೈದ್ಯಕೀಯದಲ್ಲಿ ಈ ಚುಕ್ಕಿಗೆ ತೆರುವ ಬೆಲೆ ಇನ್ನೂ ದೊಡ್ಡದು. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಜಾಯಿಂಟ್ ಕಮಿಷನ್ ಸಂಸ್ಥೆಯು 2004ರಲ್ಲಿ ಔಷಧಿ ಚೀಟಿಗಳಲ್ಲಿ ಬಳಸಬಾರದ ಬರಹಗಳ ಪಟ್ಟಿಯನ್ನು ಹೊರಡಿಸಿತು. ಅದರಲ್ಲಿ ಎರಡು ನಿಯಮಗಳು ಸೊನ್ನೆಗೆ ಸಂಬಂಧಿಸಿದವು. ‘.5’ ಎಂದು ಬರೆಯಬಾರದು, ‘0.5’ ಎನ್ನಬೇಕು, ಚುಕ್ಕಿ ಮಸುಕಾದರೆ ಅದು ಐದಾಗುತ್ತದೆ. ‘1.0’ ಎಂದೂ ಬರೆಯಬಾರದು, ‘1’ ಎಂದರೆ ಸಾಕು. ಚುಕ್ಕಿ ಕಾಣದಿದ್ದರೆ ಅದು ಹತ್ತಾಗುತ್ತದೆ. ರಕ್ತ ತಿಳಿಯಾಗಿಸುವ ಮಾತ್ರೆ ಹತ್ತು ಪಟ್ಟಾದರೆ ಪ್ರಾಣಕ್ಕೇ ಸಂಚಕಾರ. ಮೊದಲಿನ ನಿಯಮವನ್ನು ಹಣಕ್ಕೂ ಹಾಗೆಯೇ ಅನ್ವಯಿಸಬಹುದು. ಎರಡನೆಯದು ಹಣಕ್ಕೆ ಹೊಂದದು, ಅಲ್ಲಿ 5.00 ಎಂದು ಸೆಂಟನ್ನೂ ತುಂಬಿಸಿ ಬರೆಯುವುದೇ ರೂಢಿ.

ನಮ್ಮ ಕಡೆಯ ಬರವಣಿಗೆಯಲ್ಲೂ ಒಂದು ಚುಕ್ಕಿ ಅಡಗಿದೆ. ‘ರೂ.50’ ಎಂಬಲ್ಲಿನ ಚುಕ್ಕಿ ಸಂಕ್ಷೇಪದ್ದು. ಪದ್ಧತಿಯರಿಯದವರ ಕಣ್ಣಿಗೆ ಅದು ಐವತ್ತು ಪೈಸೆಯಾಗಿಯೂ ತೋರೀತು. 2010ರಲ್ಲಿ ಬಂದ ರೂಪಾಯಿ ಚಿಹ್ನೆ ಈ ಸಂದೇಹವನ್ನು ನಿವಾರಿಸಿತು. ಅಲ್ಪವಿರಾಮದ್ದು ಇನ್ನೊಂದು ಕಥೆ. ಇಲ್ಲಿನ ಉದ್ಯೋಗಪತ್ರದಲ್ಲಿ 120,000 ಎಂದು ಕಂಡದ್ದು ನಮ್ಮ 1,20,000. ಮೊತ್ತ ಅದೇ, ಅಲ್ಪವಿರಾಮದ ಜಾಗ ಮಾತ್ರ ಬೇರೆ. ಜರ್ಮನಿಗೆ ಹೋಗುವವರಿಗೆ ಎಲ್ಲವೂ ತಿರುವುಮುರುವು: ಅಲ್ಲಿ 1.250,50 ಎಂದರೆ ಸಾವಿರದ ಇನ್ನೂರೈವತ್ತು ಯೂರೋ, ಐವತ್ತು ಸೆಂಟ್.

ಮಾತಿನಲ್ಲಿಯೂ ಜಾಗ್ರತೆ ಬೇಕು. ಇಲ್ಲಿ ‘ಟ್ವೆಲ್ವ್ ಫಿಫ್ಟಿ’ ಎಂದರೆ ಹನ್ನೆರಡೂವರೆ ಡಾಲರೂ ಆಗಬಹುದು, ಸಾವಿರದ ಇನ್ನೂರೈವತ್ತೂ ಆಗಬಹುದು. ಕಾಫಿ ಅಂಗಡಿಯಲ್ಲಿ ಸಂದರ್ಭವೇ ಅರ್ಥ ಹೇಳುತ್ತದೆ. ದಂತವೈದ್ಯರ ಕಚೇರಿಯಲ್ಲಿ ಹೇಳದು. ಬರೆದು ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಹಾಗೆಯೇ, ಇಲ್ಲಿನ ಕೆಲವು ಎಟಿಎಂ ಯಂತ್ರಗಳಲ್ಲಿ 500 ಎಂದು ಒತ್ತಿದರೆ ಪರದೆಯ ಮೇಲೆ 5.00 ಎಂದು ಮೂಡುತ್ತದೆ. ಕೊನೆಯ ಎರಡು ಅಂಕಿಗಳನ್ನು ಯಂತ್ರ ಸೆಂಟೆಂದೇ ಎಣಿಸುತ್ತದೆ. ಒಪ್ಪಿಗೆಯ ಗುಂಡಿ ಒತ್ತುವ ಮುನ್ನ ಪರದೆಯನ್ನು ಮತ್ತೊಮ್ಮೆ ನೋಡಿಕೊಳ್ಳುವುದು ಕ್ಷೇಮ.

ಇವೆಲ್ಲಕ್ಕೂ ಹಿಂದಿನವರು ಕಂಡುಕೊಂಡ ಮದ್ದು ಅಕ್ಷರ. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ಹೊಂದದಿದ್ದರೆ ಅಕ್ಷರದ ಮೊತ್ತವೇ ಸಲ್ಲುತ್ತದೆಂದು ಭಾರತದ 1881ರ ಕಾಯ್ದೆಯೂ ಹೇಳುತ್ತದೆ, ಇಲ್ಲಿನ ವಾಣಿಜ್ಯ ಸಂಹಿತೆಯೂ ಹೇಳುತ್ತದೆ. ನಾವು ಕೊನೆಗೆ ‘ಮಾತ್ರ’ ಎಂದು ಮುಗಿಸಿದರೆ, ಇಲ್ಲಿ ಸೆಂಟನ್ನು 50/100 ಎಂದು ಭಿನ್ನರಾಶಿಯಲ್ಲಿ ಬರೆದು ಗೆರೆ ಎಳೆಯುತ್ತಾರೆ. ಅಲ್ಲಿ ಚುಕ್ಕಿಯ ಪ್ರಮೇಯವೇ ಇಲ್ಲ. ಊರಿಗೆ ಹಣ ಕಳುಹಿಸುವ ಮಕ್ಕಳೂ, ಅದನ್ನು ಪಡೆಯುವ ಹಿರಿಯರೂ ಮೊತ್ತವನ್ನು ಅಂಕಿಯಲ್ಲಿ ಒಮ್ಮೆ, ಕನ್ನಡದ ಮಾತಿನಲ್ಲಿ ಒಮ್ಮೆ ಸಂದೇಶದಲ್ಲಿ ಬರೆದುಕೊಂಡರೆ ಸಾಕು. ‘ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿ’ ಎಂದು ಬರೆದದ್ದನ್ನು ಯಾವ ಚುಕ್ಕಿಯೂ ಹನ್ನೆರಡು ಸಾವಿರ ಮಾಡಲಾರದು.