ನಿಂತದ್ದು ಮಾರಾಟವೋ, ಎಣಿಕೆಯೋ?

ಚನ್ನಪಟ್ಟಣದ ಮರದ ಆಟಿಕೆಗಳನ್ನು ಸ್ವಂತ ಜಾಲತಾಣದ ಮೂಲಕ ಮಾರುವ ಸಣ್ಣ ಘಟಕವೊಂದನ್ನು ಊಹಿಸಿಕೊಳ್ಳಬಹುದು. ದಿನಕ್ಕೆ ಹತ್ತು ಹನ್ನೆರಡು ಖರೀದಿಗಳನ್ನು ತೋರಿಸುತ್ತಿದ್ದ ಗೂಗಲ್ ಅನಲಿಟಿಕ್ಸ್ ವರದಿಯು ಸೋಮವಾರದಿಂದ ಸೊನ್ನೆ ತೋರಿಸತೊಡಗುತ್ತದೆ. ಮಾಲೀಕರು ಗಾಬರಿಗೊಂಡು, ಜಾಹೀರಾತು ಫಲ ನೀಡುತ್ತಿಲ್ಲವೆಂದು ಬಗೆದು ಅದನ್ನು ನಿಲ್ಲಿಸಿಬಿಡುತ್ತಾರೆ. ಅತ್ತ ಗೋದಾಮಿನಲ್ಲಿ ಪ್ಯಾಕಿಂಗ್ ಎಂದಿನಂತೆ ನಡೆದಿರುತ್ತದೆ, ಬ್ಯಾಂಕ್ ಖಾತೆಗೆ ಹಣವೂ ಜಮೆಯಾಗುತ್ತಿರುತ್ತದೆ. ನಿಂತದ್ದು ಎಣಿಕೆ ಮಾತ್ರ. ಜಾಹೀರಾತು ನಿಲ್ಲಿಸಿದ ಮೇಲೆ ಮಾರಾಟವೂ ನಿಜವಾಗಿಯೇ ಕುಸಿಯುತ್ತದೆಂಬುದು ಬೇರೆ ಮಾತು.

ಗ್ರಾಹಕನು ಸರಕನ್ನು ಕಾರ್ಟಿಗೆ ಹಾಕುವುದು, ವಿಚಾರಣಾ ಫಾರಂ ಕಳುಹಿಸುವುದು, ಹಣ ಪಾವತಿಸುವುದು ಇವೆಲ್ಲ ಅನಲಿಟಿಕ್ಸ್ ಭಾಷೆಯಲ್ಲಿ 'ಈವೆಂಟ್' ಎನಿಸುತ್ತವೆ. ವರ್ಡ್‌ಪ್ರೆಸ್ ಜಾಲತಾಣಗಳಲ್ಲಿ ಇವುಗಳನ್ನು ದಾಖಲಿಸುವ ಹೊಣೆ ಸಾಮಾನ್ಯವಾಗಿ ಒಂದು ಪ್ಲಗಿನ್‌ನದು. 2020ರ ಆಗಸ್ಟ್‌ನಲ್ಲಿ ಬಂದ ವರ್ಡ್‌ಪ್ರೆಸ್ 5.5ರಿಂದ ಪ್ಲಗಿನ್‌ಗಳು ತಾವಾಗಿಯೇ ನವೀಕರಣಗೊಳ್ಳುವಂತೆ ಹೊಂದಿಸುವುದು ಸುಲಭವಾಯಿತು. ಆದ್ದರಿಂದ ಬದಲಾವಣೆಯಾದದ್ದು ಮಾಲೀಕರ ಗಮನಕ್ಕೆ ಬಾರದೆ ಹೋಗುವುದುಂಟು. ಇನ್ನು, 2023ರ ನವೆಂಬರ್‌ನ ವೂಕಾಮರ್ಸ್ 8.3 ಆವೃತ್ತಿಯು ಹೊಸ ಅಂಗಡಿಗಳಿಗೆ 'ಬ್ಲಾಕ್' ಮಾದರಿಯ ಚೆಕ್‌ಔಟ್ ಪುಟವನ್ನೇ ಮೂಲ ವ್ಯವಸ್ಥೆಯನ್ನಾಗಿ ಮಾಡಿತು. ಹಳೆಯ ಪುಟದ ರಚನೆಯನ್ನೇ ನೆಚ್ಚಿಕೊಂಡಿದ್ದ ಎಣಿಕೆಯ ಪ್ಲಗಿನ್‌ಗಳು ಹೊಸ ಪುಟದಲ್ಲಿ ಕೆಲಸ ಮಾಡದಾದವು.

ಇಂತಹ ಸಂದರ್ಭದಲ್ಲಿ ಪರಿಣತರನ್ನು ಕರೆಯುವ ಮುನ್ನ ವರ್ತಕರೇ ಮಾಡಬಹುದಾದ ಕೆಲಸವೊಂದಿದೆ. ಅದು ಪಾಸ್‌ಬುಕ್ಕಿಗೂ ನಗದು ಪುಸ್ತಕಕ್ಕೂ ತಾಳೆ ನೋಡುವ ಹಳೆಯ ರೂಢಿಯೇ. ಆರ್ಡರ್ ಪಟ್ಟಿ, ಪಾವತಿ ಗೇಟ್‌ವೇ ನೀಡಿದ ಲೆಕ್ಕ, ಅನಲಿಟಿಕ್ಸ್ ವರದಿ ಈ ಮೂರನ್ನೂ ಆರ್ಡರ್ ಸಂಖ್ಯೆಯ ಆಧಾರದಲ್ಲಿ ಹೋಲಿಸತಕ್ಕದ್ದು. ಮೂರೂ ಸಂಪೂರ್ಣವಾಗಿ ಹೊಂದಲಾರವು. ಯುಪಿಐ ಆ್ಯಪ್‌ನಲ್ಲಿ ಹಣ ಕಟ್ಟಿದ ಗ್ರಾಹಕನು 'ಧನ್ಯವಾದ' ಪುಟಕ್ಕೆ ಮರಳದಿದ್ದರೆ ಆ ಖರೀದಿ ಎಣಿಕೆಗೆ ಸಿಗದಿರಬಹುದು. ಜಾಹೀರಾತು ತಡೆಯುವ ತಂತ್ರಾಂಶ ಬಳಸುವವರೂ ಬಿಟ್ಟುಹೋಗುತ್ತಾರೆ. ನೂರು ಆರ್ಡರ್‌ಗಳಲ್ಲಿ ಎಂಬತ್ತೈದು ಮಾತ್ರ ತಿಂಗಳು ತಿಂಗಳೂ ಕಾಣುತ್ತಿದ್ದರೆ ಚಿಂತೆಗೆ ಕಾರಣವಿಲ್ಲ. ಆ ಅಂತರ ಒಂದೇ ದಿನದಲ್ಲಿ ಬದಲಾದರೆ ದೋಷ ಎಣಿಕೆಯಲ್ಲಿದೆ. ಎರಡೂ ಕಡೆ ಒಟ್ಟಿಗೆ ಇಳಿದರೆ ದೋಷ ವ್ಯಾಪಾರದಲ್ಲಿದೆ.

ಎಣಿಕೆಯದೇ ದೋಷವೆಂದು ಖಚಿತವಾದ ಬಳಿಕ ಮೊದಲು ಕ್ಯಾಶ್ ಅಳಿಸಬೇಕು. ಹಳೆಯ ಪುಟವೇ ಗ್ರಾಹಕನಿಗೆ ತಲುಪುತ್ತಿರುವುದು ಅಪರೂಪವೇನಲ್ಲ. ಅನಂತರ ಸಣ್ಣ ಮೊತ್ತದ ಪರೀಕ್ಷಾ ಆರ್ಡರ್ ಹಾಕಿ, ಗೂಗಲ್‌ನ ಟ್ಯಾಗ್ ಅಸಿಸ್ಟೆಂಟ್ ಹಾಗೂ ಡೀಬಗ್‌ವ್ಯೂ ಪುಟದಲ್ಲಿ ಈವೆಂಟ್ ಬರುತ್ತಿದೆಯೇ ಎಂದು ನೋಡಬೇಕು. ಸಾಮಾನ್ಯ ವರದಿಗಳು ಸಿದ್ಧವಾಗಲು 24ರಿಂದ 48 ಗಂಟೆ ಹಿಡಿಯಬಹುದಾದ ಕಾರಣ ಅವುಗಳನ್ನು ನೋಡಿ ನಿರಾಶರಾಗುವುದು ತರವಲ್ಲ. ಈವೆಂಟ್ ಬಾರದಿದ್ದರೆ 'ಜಿ' ಅಕ್ಷರದಿಂದ ಆರಂಭವಾಗುವ ಮಾಪನ ಸಂಖ್ಯೆ ಅಳಿಸಿಹೋಗಿದೆಯೇ, ಈವೆಂಟ್ ಹೆಸರಿನಲ್ಲಿ ದೊಡ್ಡ ಅಕ್ಷರ ಸಣ್ಣ ಅಕ್ಷರಗಳ ವ್ಯತ್ಯಾಸವಾಗಿದೆಯೇ ಎಂದು ಪರಿಶೀಲಿಸಬೇಕು. ಸಂಖ್ಯೆ ಇದ್ದಕ್ಕಿದ್ದಂತೆ ಇಮ್ಮಡಿಸಿದರೆ, ಥೀಮ್‌ನಲ್ಲಿಯೂ ಪ್ಲಗಿನ್‌ನಲ್ಲಿಯೂ ಒಂದೇ ಟ್ಯಾಗ್ ಇರುವ ಸಾಧ್ಯತೆ ಹೆಚ್ಚು. ಸೊನ್ನೆಗಿಂತ ಇದು ಅಪಾಯಕರ, ಏಕೆಂದರೆ ಹೆಚ್ಚಿದ ಅಂಕಿಯ ಬಗ್ಗೆ ಯಾರೂ ದೂರುವುದಿಲ್ಲ! ಪ್ಲಗಿನ್‌ನ ಹಿಂದಿನ ಆವೃತ್ತಿಗೆ ಮರಳುವುದಾದರೆ ಮೊದಲು ಜಾಲತಾಣದ ನಕಲು ಪ್ರತಿಯಲ್ಲಿ ಪ್ರಯತ್ನಿಸುವುದು ಲೇಸು. ಹೊಸ ಆವೃತ್ತಿಯಲ್ಲಿ ಭದ್ರತಾ ತಿದ್ದುಪಡಿ ಇದ್ದೀತು.

ಕಳೆದುಹೋದ ದಿನಗಳ ಎಣಿಕೆ ದುರಸ್ತಿಯಾದ ಮೇಲೂ ತಾನಾಗಿ ಮರಳಿ ಬರುವುದಿಲ್ಲ. ಗೂಗಲ್ ಆಡ್ಸ್‌ನ ಸ್ವಯಂಚಾಲಿತ ಬಿಡ್ಡಿಂಗ್ ಬಳಸುವವರು ಆ ದಿನಾಂಕಗಳನ್ನು 'ಡೇಟಾ ಎಕ್ಸ್‌ಕ್ಲೂಷನ್' ಸೌಲಭ್ಯದ ಮೂಲಕ ಹೊರಗಿಡುವುದು ಅಗತ್ಯ; ಇಲ್ಲವಾದರೆ ಸುಳ್ಳು ಸೊನ್ನೆಯನ್ನೇ ನಿಜವೆಂದು ತಿಳಿದು ಆ ವ್ಯವಸ್ಥೆ ಬಿಡ್ ಇಳಿಸಬಹುದು. ಯಾವ ದಿನ, ಯಾವ ಪ್ಲಗಿನ್, ಯಾವ ಆವೃತ್ತಿಯಿಂದ ಯಾವ ಆವೃತ್ತಿಗೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಬಾರಿ ಹುಡುಕಾಟದ ಶ್ರಮ ತಗ್ಗುತ್ತದೆ.

ಲೆಕ್ಕಪತ್ರದ ದೃಷ್ಟಿಯಿಂದ ಇನ್ನೊಂದು ಅಂಶವಿದೆ. ಪರೀಕ್ಷಾ ಆರ್ಡರ್‌ಗೆ ತೆರಿಗೆ ಇನ್‌ವಾಯ್ಸ್ ತಾನಾಗಿ ಹೊರಟಿದ್ದರೆ, ಹಣ ಹಿಂದಿರುಗಿಸುವುದರ ಜೊತೆಗೆ ಪುಸ್ತಕಗಳಲ್ಲಿಯೂ ಅದನ್ನು ಸರಿಪಡಿಸಿ, ಜಿಎಸ್‌ಟಿಆರ್-1 ಸಲ್ಲಿಸುವ ಮೊದಲು ಲೆಕ್ಕಿಗರ ಗಮನಕ್ಕೆ ತರತಕ್ಕದ್ದು.