ಒಂಬತ್ತು ದುರ್ಗ, ಒಂದು ಜಾಬ್ ಕಾರ್ಡ್

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಚೇರಿಗಳ ಕ್ಯಾಂಟೀನಿನಲ್ಲಿ ಸೋಮವಾರ ಕೇಳಿಬರುವ ಪ್ರಶ್ನೆ: ‘ನವದುರ್ಗ ಎಷ್ಟಾಯ್ತು?’ ಸಾವನದುರ್ಗ, ಹುತ್ರಿದುರ್ಗ, ಹುಲಿಯೂರುದುರ್ಗ, ಭೈರವದುರ್ಗ, ಕಬ್ಬಾಳದುರ್ಗ, ಮಾಕಳಿದುರ್ಗ, ದೇವರಾಯನದುರ್ಗ, ಚನ್ನರಾಯನದುರ್ಗ, ನಂದಿದುರ್ಗ – ಇಷ್ಟನ್ನೂ ಹತ್ತಿ ಟಿಕ್ ಹಾಕಿಕೊಳ್ಳುವ ಹುಚ್ಚು ಇದು. ಸ್ಕಾಟ್ಲೆಂಡಿನ ಹ್ಯೂ ಮನ್ರೋ 1891ರಲ್ಲಿ ಮೂರು ಸಾವಿರ ಅಡಿ ಮೀರಿದ ಬೆಟ್ಟಗಳ ಪಟ್ಟಿ ಅಚ್ಚುಹಾಕಿಸಿ ತನ್ನ ನಾಡಿನವರಿಗೆ ಇದೇ ಹುಚ್ಚು ಹಿಡಿಸಿದ. ಅಲ್ಲೀಗ ಲೆಕ್ಕಕ್ಕಿರುವುದು 282 ಶಿಖರ. ಪಟ್ಟಿ ಮಾಡಿದ ಪುಣ್ಯಾತ್ಮನೇ ಎಲ್ಲವನ್ನೂ ಮುಗಿಸದೆ ತೀರಿಕೊಂಡ. ನಮ್ಮವು ಬರೀ ಒಂಬತ್ತು.

ಟೆಂಪೊ ಟ್ರಾವೆಲರ್ ನೈಸ್ ರಸ್ತೆ ಹತ್ತುವ ಮೊದಲೇ ಶುರುವಾಗುವ ‘ಇವೆಲ್ಲ ಕೆಂಪೇಗೌಡರ ಕೋಟೆಗಳು’ ಎಂಬ ವಿವರಣೆ ಮಾತ್ರ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. ಮಾಗಡಿ ಸೀಮೆಯ ದುರ್ಗಗಳ ಮಟ್ಟಿಗೆ ಸರಿ. 1638ರಲ್ಲಿ ಬೆಂಗಳೂರು ಬಿಜಾಪುರದ ಪಾಲಾದ ಮೇಲೆ ಆ ಮನೆತನ ಮಾಗಡಿ ಹಿಡಿದು ಕೂತಿತು, 1728ರಲ್ಲಿ ಮೈಸೂರಿನ ದಳವಾಯಿ ಅದನ್ನೂ ಕಿತ್ತುಕೊಂಡ. ಆದರೆ ನಂದಿ ಚಿಕ್ಕಬಳ್ಳಾಪುರದ ಪಾಳೆಯಗಾರರದು, ಅದನ್ನು ಬಲಪಡಿಸಿದವರು ಹೈದರ್, ಟಿಪ್ಪು. ದೇವರಾಯನದುರ್ಗಕ್ಕೆ ಚಿಕ್ಕದೇವರಾಜ ಒಡೆಯರ ಹೆಸರು. ಒಂಬತ್ತು ಎಂಬ ಲೆಕ್ಕ ನವರಾತ್ರಿಗೆ ಹೊಂದುತ್ತದೆ, ಚರಿತ್ರೆಗೆ ಅಷ್ಟಾಗಿ ಹೊಂದುವುದಿಲ್ಲ.

ಹೀಗೆ ಗೊಣಗುತ್ತಲೇ ಹುತ್ರಿದುರ್ಗಕ್ಕೆ ಹೋದೆ. ಜೊತೆಗಿದ್ದವರು ಪೀಣ್ಯ ಎರಡನೇ ಹಂತದಲ್ಲಿ ಲೇತ್ ಮೇಲೆ ಕೆಲಸ ಮಾಡುವ ಹಿರಿಯರು. ಅವರ ಪಟ್ಟಿ ಇದ್ದದ್ದು ಹಳೇ ಜಾಬ್ ಕಾರ್ಡಿನ ಬೆನ್ನ ಮೇಲೆ, ಗ್ರೀಸ್ ಗುರುತಿನ ನಡುವೆ. ಕುಣಿಗಲ್ ತಾಲ್ಲೂಕಿನ ಸಂತೆಪೇಟೆಯಿಂದ ಹತ್ತಬೇಕು. ಸುಮಾರು 3,700 ಅಡಿ ಎತ್ತರದ ಬೆಟ್ಟವಾದರೂ ಹತ್ತುವುದು ಅದರ ತುದಿಯ ತುಣುಕನ್ನಷ್ಟೇ. ಬುತ್ತಿ ಬಿಚ್ಚುವಷ್ಟೂ ಹಸಿವಾಗುವುದಿಲ್ಲ.

ಹಸಿವಾಗದಿದ್ದರೂ ನಮಗೆ ಅರ್ಧ ದಿನ ಹಿಡಿಯಿತು. ಕಾರಣ, ಬಾಗಿಲುಗಳು. ದಾರಿ ಕೋಟೆ ಬಾಗಿಲೊಂದರಿಂದ ಇನ್ನೊಂದಕ್ಕೆ ತಿರುಗುತ್ತಾ ಏರುತ್ತದೆ. ಊರವರು ಏಳು ಎನ್ನುತ್ತಾರೆ. ಕೆಲವೆಡೆ ಬರೀ ಕಂಬ ಉಳಿದಿರುವುದರಿಂದ ಎಣಿಸಿದವರೆಲ್ಲ ಜಗಳವಾಡಬಹುದು. ನಮ್ಮ ಲೇತ್ ಯಜಮಾನರು ಎಣಿಸಲಿಲ್ಲ. ಕದದ ಗೂಟ ಕೂರುವ ಕಲ್ಲಿನ ಗುಳಿಯೊಂದರಲ್ಲಿ ಕಸ ಕೆದಕಿ, ಹೆಬ್ಬೆರಳಿಟ್ಟು ಸುತ್ತ ತಿರುಗಿಸಿದರು. ಒಳಗೋಡೆ ನುಣ್ಣಗೆ, ಒಂದು ಪಕ್ಕ ಮಾತ್ರ ಚೂರು ಹೆಚ್ಚು ಸವೆದಿತ್ತು. ‘ಲೋಡು ಈ ಕಡೆ ಬಿದ್ದಿದೆ. ಕದ ಜೋತಿತ್ತು’ ಎಂದರು. ಆಮೇಲೆ ಮೇಲಿನ ತೊಲೆಯಲ್ಲಿ ಜೋಡಿ ಗುಳಿ ಹುಡುಕಿ, ಎರಡೂ ಒಂದೇ ನೇರಕ್ಕಿವೆಯೇ ಎಂದು ದಾರಕ್ಕೆ ಬೀಗದ ಕೈ ಕಟ್ಟಿ ಇಳಿಬಿಟ್ಟರು. ಗಾಳಿಗೆ ಬೀಗದ ಕೈ ನಿಲ್ಲಲೊಲ್ಲದು. ನಾನು ಟೋಪಿ ಅಡ್ಡ ಹಿಡಿದೆ. ಹಿಂದೆ ಬಂದ ಲ್ಯಾಪ್‌ಟಾಪ್ ಹುಡುಗರು ‘ಅಂಕಲ್, ಏನಾದ್ರೂ ಬಿತ್ತಾ?’ ಎಂದು ಕೇಳಿ ದಾಟಿಹೋದರು. ಮೇಲೆ ಶಂಕರೇಶ್ವರನ ಗುಡಿ, ನಂದಿ, ಸುತ್ತ ಮಾಗಡಿ ಸೀಮೆಯ ಬಂಡೆಗಳು. ಸೆಲ್ಫಿ ತೆಗೆದುಕೊಂಡು ಅವರು ಇಳಿಯುವಾಗಲೂ ನಾವಿನ್ನೂ ಬಾಗಿಲಲ್ಲೇ.

ಇಷ್ಟೆಲ್ಲ ಕದ ಹಾಕಿಯೂ ಕೋಟೆ ನಿಲ್ಲಲಿಲ್ಲ. ಕಾರ್ನ್‌ವಾಲಿಸನ ಪಡೆ 1791ರ ಅಕ್ಟೋಬರ್‌ನಲ್ಲಿ ನಂದಿದುರ್ಗವನ್ನು, ಡಿಸೆಂಬರ್ 21ರಂದು ಸಾವನದುರ್ಗವನ್ನು ಹಿಡಿಯಿತು. ಅದಾದ ಕೆಲವೇ ದಿನಕ್ಕೆ ಹುತ್ರಿದುರ್ಗವೂ ಹೋಯಿತು. ಆ ಚಳಿಗಾಲದ ಲಾಲ್‌ಕೋಟಿನವರೇ ಇಲ್ಲಿಯ ಮೊದಲ ಟಿಕ್‌ವೀರರು ಅನ್ನಬೇಕು.

ಕಬ್ಬಾಳದುರ್ಗವನ್ನು ಟಿಕ್ ಮಾಡಿ ಬಂದವರು ಕಬ್ಬಾಳಮ್ಮನ ಗುಡಿ, ಮೇಲಿನ ನೋಟದ ಮಾತಾಡುತ್ತಾರೆ. ಅದು ಮೈಸೂರಿನ ಸೆರೆಮನೆಯಾಗಿತ್ತು ಎಂಬುದು ಯಾರ ಬಾಯಲ್ಲೂ ಬರುವುದಿಲ್ಲ. 1734ರಲ್ಲಿ ಪಟ್ಟದಿಂದ ಇಳಿಸಿದ ಚಾಮರಾಜ ಒಡೆಯರನ್ನು ಅಲ್ಲಿಗೇ ಸಾಗಿಸಿದರು. ಅವರು ಅಲ್ಲೇ ಸತ್ತರು.

ಹೊರಡುವವರಿಗೆ ಒಂದು ಮಾತು: ಅರಣ್ಯ ಇಲಾಖೆಯ ಹಿಡಿತದಲ್ಲಿರುವ ಬೆಟ್ಟಗಳಿಗೆ ‘ಅರಣ್ಯ ವಿಹಾರ’ದಲ್ಲಿ ಮೊದಲೇ ಟಿಕೆಟ್ ಮಾಡಿಸಿಕೊಳ್ಳಿ. ಮಳೆಯಲ್ಲಿ ಸಾವನದುರ್ಗದ ಬಂಡೆ ಮೇಲೆ ಶೂರತನ ಬೇಡ.

ಯಜಮಾನರ ಜಾಬ್ ಕಾರ್ಡಿನಲ್ಲಿ ನಂದಿದುರ್ಗದ ಮುಂದೆ ಇನ್ನೂ ಟಿಕ್ ಬಿದ್ದಿಲ್ಲ. ಮದುವೆಯಾದ ಹೊಸದರಲ್ಲಿ, ಮಕ್ಕಳೊಂದಿಗೆ, ನೆಂಟರೊಂದಿಗೆ ಎಷ್ಟೋ ಸಲ ಹೋಗಿದ್ದಾರೆ. ಎಲ್ಲವೂ ಗಾಡಿಯಲ್ಲಿ, ಆದ್ದರಿಂದ ರಿಜೆಕ್ಟ್. 1,478 ಮೀಟರಿನ ಬೆಟ್ಟವನ್ನು ಸುಲ್ತಾನ್‌ಪೇಟೆ ಕಡೆಯ ಹಳೇ ಮೆಟ್ಟಿಲಿನಿಂದ ಹತ್ತಿದರಷ್ಟೇ ಪಾಸ್ ಅಂತೆ. ನೈಟ್ ಶಿಫ್ಟ್ ಮುಗಿಸಿ ನೇರ ಹೊರಡುವ ಯೋಚನೆಯಲ್ಲಿದ್ದಾರೆ, ಮನೆಯವರು ಬಿಟ್ಟರೆ.